ಹೊಸ ಸ್ಟೀಪಲ್‌ಚೇಸ್ ಕುದುರೆಗಳು, 2025–26: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ ಮತ್ತು ಐರ್ಲೆಂಡ್‌ಗಳ ಜಿಗಿತದ ಕುದುರೆ ಓಟದ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಬಗೆಯ ಪ್ರಶ್ನೆಗಳು ಎದುರಾಗುತ್ತವೆ. ಕೇಳುವವರಲ್ಲಿ ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ವರ್ಷಗಟ್ಟಲೆ ಓಟ ನೋಡಿದವರಿದ್ದಾರೆ, ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಹೋಗಿ ಚಳಿಗಾಲದ ಶನಿವಾರಗಳಲ್ಲಿ ಟಿವಿಯ ಮುಂದೆ ಈ ಆಟವನ್ನು ಮೊದಲ ಬಾರಿಗೆ ಕಂಡವರೂ ಇದ್ದಾರೆ. ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡು, ಸರಳವಾದವುಗಳಿಂದ ಆರಂಭಿಸಿ, ಇಲ್ಲಿ ಉತ್ತರಿಸಿದ್ದೇನೆ. ಬರೆಯುತ್ತಿರುವುದು 2025ರ ಅಕ್ಟೋಬರ್‌ನಲ್ಲಿ. ಋತುವಿನ ದೊಡ್ಡ ಓಟಗಳು ಇನ್ನೂ ಶುರುವಾಗಿಲ್ಲ.

## ಮೊದಲ ಪರಿಚಯ

ಸ್ಟೀಪಲ್‌ಚೇಸ್ ಅಂದ್ರೆ ನಮ್ಮ ಅವಿನಾಶ್ ಸಾಬ್ಳೆ ಓಡ್ತಾರಲ್ಲ, ಅದೇ ಅಲ್ವಾ? ಕುದುರೆಗೂ ಅದಕ್ಕೂ ಏನು ಸಂಬಂಧ?

ಹೆಸರು ಕುದುರೆಗಳಿಂದ ಮನುಷ್ಯರಿಗೆ ಬಂದದ್ದು. ಸಾಬ್ಳೆ ಓಡುವ 3000 ಮೀಟರ್ ಓಟದ ಅಡ್ಡಕಂಬಗಳೂ ನೀರಿನ ಗುಂಡಿಯೂ ಕುದುರೆ ಓಟದ ಬೇಲಿ ಮತ್ತು ಹಳ್ಳಗಳ ನೆನಪನ್ನು ಹೊತ್ತು ನಿಂತಿವೆ. ಸ್ಟೀಪಲ್ ಎಂದರೆ ಚರ್ಚಿನ ಎತ್ತರದ ಗೋಪುರ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ ಎಡ್ಮಂಡ್ ಬ್ಲೇಕ್ ಮತ್ತು ಕಾರ್ನೀಲಿಯಸ್ ಓಕ್ಯಾಲಹನ್ ಎಂಬಿಬ್ಬರು ಬಟವಂಟ್ ಊರಿನ ಚರ್ಚಿನಿಂದ ಡಾನರೇಲ್ ಊರಿನ ಚರ್ಚಿನವರೆಗೆ, ಸುಮಾರು ನಾಲ್ಕೂವರೆ ಮೈಲಿ, ಗೋಪುರವನ್ನೇ ಗುರಿಯಾಗಿಟ್ಟುಕೊಂಡು ಎದುರಾದ ಬೇಲಿ, ಗೋಡೆ, ಕಾಲುವೆಗಳನ್ನೆಲ್ಲ ಹಾರಿಸುತ್ತ ಕುದುರೆ ಓಡಿಸಿದರು ಎಂಬುದು ಈ ಆಟದ ಮೂಲಕಥೆ. ಇಂದು ಓಟ ರೇಸ್‌ಕೋರ್ಸ್‌ನ ಒಳಗೇ ನಡೆಯುತ್ತದೆ.

ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಇಪ್ಪತ್ತು ವರ್ಷ ರೇಸ್ ನೋಡಿದ್ದೇನೆ. ನನಗೆ ಇಲ್ಲಿ ಹೊಸದಾಗಿ ಕಲಿಯುವುದು ಏನಿದೆ?

ಬೆಂಗಳೂರು, ಮೈಸೂರುಗಳಲ್ಲಿ ನೀವು ಕಂಡದ್ದು ಫ್ಲಾಟ್ ಓಟ: ದಾರಿಯಲ್ಲಿ ಅಡೆತಡೆಯಿಲ್ಲ, ದೂರ ಕಡಿಮೆ, ಕುದುರೆಗಳು ಎಳೆಯವು. ಜಿಗಿತದ ಓಟದಲ್ಲಿ ಎರಡು ವಿಧ. ಹರ್ಡಲ್ ಓಟದ ತಡೆಗಳು ಮೂರೂವರೆ ಅಡಿ ಎತ್ತರದ ಹಗುರ ಚೌಕಟ್ಟುಗಳು, ಕಾಲು ತಗುಲಿದರೆ ಬಾಗುತ್ತವೆ. ಚೇಸ್ ಓಟದಲ್ಲಿ ಬರ್ಚ್ ಕಡ್ಡಿಗಳನ್ನು ಒತ್ತಾಗಿ ಕಟ್ಟಿದ, ಕನಿಷ್ಠ ನಾಲ್ಕೂವರೆ ಅಡಿ ಎತ್ತರದ ಬೇಲಿಗಳಿರುತ್ತವೆ. ಕೆಲವಕ್ಕೆ ಮುಂಬದಿಯಲ್ಲಿ ಹಳ್ಳವೂ ಇರುತ್ತದೆ. ದೂರ ಎರಡು ಮೈಲಿಗಿಂತ ಕಡಿಮೆಯಿರುವುದು ಅಪರೂಪ, ನಾಲ್ಕು ಮೈಲಿ ದಾಟುವುದೂ ಉಂಟು.

ಆದರೆ ನಿಮಗೆ ನಿಜಕ್ಕೂ ಹೊಸದೆನಿಸುವುದು ಕುದುರೆಗಳ ಆಯುಷ್ಯ. ಫ್ಲಾಟ್ ಓಟದಲ್ಲಿ ಒಳ್ಳೆಯ ಗಂಡು ಕುದುರೆ ಮೂರು ನಾಲ್ಕು ವರ್ಷಕ್ಕೇ ತಳಿ ಬೆಳೆಸಲು ಹೊರಟುಹೋಗುತ್ತದೆ. ಜಿಗಿತದ ಕುದುರೆಗಳಲ್ಲಿ ಬಹುಪಾಲು ಗೆಲ್ಡಿಂಗ್‌ಗಳು, ಅಂದರೆ ಬೀಜ ಒಡೆಸಿದ ಗಂಡು ಕುದುರೆಗಳು. ಅವುಗಳಿಗೆ ಹೋಗಲು ಬೇರೆ ಜಾಗವಿಲ್ಲ. ಎಂಟು, ಒಂಬತ್ತು, ಹತ್ತನೆಯ ವಯಸ್ಸಿನಲ್ಲಿ ಉತ್ತುಂಗಕ್ಕೇರುತ್ತವೆ, ಪ್ರತಿ ಚಳಿಗಾಲಕ್ಕೂ ಮರಳಿ ಬರುತ್ತವೆ. ಒಂದು ಕುದುರೆಯನ್ನು ಮೊದಲ ಬೇಲಿಯಿಂದ ಕೊನೆಯ ಓಟದವರೆಗೆ ಆರೇಳು ವರ್ಷ ಬೆನ್ನು ಹತ್ತಿ ನೋಡುವ ಸುಖ ಇಲ್ಲಿದೆ, ಅದಕ್ಕೇ ಹೊಸ ಕುದುರೆಗಳ ಮೇಲೆ ಜನರಿಗೆ ಇಷ್ಟು ಕುತೂಹಲ.

ನೊವಿಸ್ ಅಂದ್ರೆ ಮರಿ ಕುದುರೆಯಾ?

ಅಲ್ಲ. ವಯಸ್ಸಿಗೂ ಈ ಪದಕ್ಕೂ ಸಂಬಂಧವಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಋತು ಆರಂಭವಾಗುವ ಮುನ್ನ ಒಂದೂ ಚೇಸ್ ಗೆದ್ದಿರದ ಕುದುರೆ ಆ ಋತುವಿಡೀ ನೊವಿಸ್ ಚೇಸರ್ ಎನಿಸಿಕೊಳ್ಳುತ್ತದೆ. ನಡುವೆ ಎಷ್ಟು ಗೆದ್ದರೂ ಸರಿ. ಬ್ರಿಟನ್ನಿನಲ್ಲಿ ಏಪ್ರಿಲ್ ಕೊನೆಯ ಸ್ಯಾಂಡೌನ್ ಕೂಟದೊಂದಿಗೆ ಋತು ಮುಗಿಯುತ್ತದೆ, ಐರ್ಲೆಂಡಿನಲ್ಲಿ ಪಂಚೆಸ್‌ಟೌನ್ ಉತ್ಸವದೊಂದಿಗೆ. ಎರಡು ದೇಶಗಳ ನಿಯಮಗಳ ಸೂಕ್ಷ್ಮಗಳು ಬೇರೆ ಬೇರೆ. ವಯಸ್ಸಿನ ಮಾತಿಗೆ ಫಾಹೀನ್ ಎಂಬ ಕುದುರೆಯ ಉದಾಹರಣೆ ಸಾಕು. 2015ರಲ್ಲಿ ಚಾಂಪಿಯನ್ ಹರ್ಡಲ್ ಗೆದ್ದಿದ್ದ ಅದು ಬೇಲಿಗೆ ಇಳಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ, 2019–20ರ ಋತುವಿನಲ್ಲಿ. ಮುದುಕನೆಂದು ಎಲ್ಲರೂ ಅಂದುಕೊಂಡಿದ್ದಾಗ ಲಿಮರಿಕ್‌ನಲ್ಲೂ ಲೆಪರ್ಡ್ಸ್‌ಟೌನ್‌ನಲ್ಲೂ ಅತ್ಯುನ್ನತ ದರ್ಜೆಯ ನೊವಿಸ್ ಚೇಸ್‌ಗಳನ್ನು ಗೆದ್ದಿತು.

ಕುದುರೆಯ ಹೆಸರಿನ ಪಕ್ಕ 1ಎಫ್2-ಪಿ1 ಅಂತೆಲ್ಲ ಬರೆದಿರ್ತಾರೆ, ಅದನ್ನ ಓದೋದು ಹೇಗೆ?

ಎಡದಿಂದ ಬಲಕ್ಕೆ, ಹಳೆಯ ಓಟದಿಂದ ಹೊಸದಕ್ಕೆ. ಅಂಕಿ ಎಂದರೆ ಮುಗಿಸಿದ ಸ್ಥಾನ. ಎಫ್ ಎಂದರೆ ಕುದುರೆ ಬಿದ್ದಿತು, ಯು ಎಂದರೆ ಜಾಕಿಯನ್ನು ಕೆಡವಿತು, ಬಿ ಎಂದರೆ ಬೇರೆ ಕುದುರೆಯ ದೆಸೆಯಿಂದ ಬಿದ್ದಿತು, ಪಿ ಎಂದರೆ ಜಾಕಿಯೇ ನಡುವೆ ನಿಲ್ಲಿಸಿದ, ಆರ್ ಎಂದರೆ ಜಿಗಿಯಲು ಒಪ್ಪಲಿಲ್ಲ. ಅಡ್ಡಗೆರೆ ಋತು ಬದಲಾದುದರ ಗುರುತು. ನೊವಿಸ್ ಕುದುರೆಯ ಸಾಲಿನಲ್ಲಿ ಹಳೆಯ ಅಂಕಿಗಳು ಹರ್ಡಲ್ಸ್‌ನವೂ ಇರಬಹುದು ಎಂಬುದನ್ನು ಮರೆಯಬಾರದು. ಅವನ್ನು ಬೇರ್ಪಡಿಸಿ ಓದದಿದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

## ಕಣ್ಣು ಪಳಗಿಸಿಕೊಳ್ಳುವುದು

ಹರ್ಡಲ್ಸ್‌ನಲ್ಲಿ ಚಾಂಪಿಯನ್ ಆದ ಕುದುರೆ ಬೇಲಿ ಮೇಲೂ ಚಾಂಪಿಯನ್ ಆಗಲೇಬೇಕಲ್ಲವೇ?

ಆಗಬೇಕೆಂದೇನೂ ಇಲ್ಲ. ಹರ್ಡಲ್ ಮೇಲೆ ವೇಗವನ್ನು ಕಡಿಮೆ ಮಾಡದೆ, ಕಾಲು ಅಷ್ಟೇನೂ ಎತ್ತದೆ, ಸವರಿಕೊಂಡು ಹೋಗುವ ಕುದುರೆಗೆ ಲಾಭ. ಬೇಲಿಯ ಮುಂದೆ ಅದೇ ಅಭ್ಯಾಸ ಶಿಕ್ಷೆಯಾಗುತ್ತದೆ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಪ್ರತಿ ಮಾರ್ಚ್‌ನಲ್ಲಿ ನಡೆಯುವುದು ಋತುವಿನ ಅತಿ ದೊಡ್ಡ ಉತ್ಸವ. 2024ರಲ್ಲಿ ಅಲ್ಲಿ ನೊವಿಸ್ ಹರ್ಡಲ್ ಓಟವನ್ನು 13 ಲೆಂಗ್ತ್ (ಲೆಂಗ್ತ್ ಎಂದರೆ ಒಂದು ಕುದುರೆಯ ಮೈಯುದ್ದ) ಅಂತರದಿಂದ ಗೆದ್ದಿದ್ದ ಬ್ಯಾಲಿಬರ್ನ್, ಮರುವರ್ಷ ಬೇಲಿಗೆ ಇಳಿದಾಗ ಎಲ್ಲರ ಪಟ್ಟಿಯ ಮೊದಲ ಹೆಸರಾಗಿತ್ತು. ಲೆಪರ್ಡ್ಸ್‌ಟೌನ್‌ನಲ್ಲಿ ಫೆಬ್ರುವರಿಯಲ್ಲಿ ಗೆದ್ದಿತು ಕೂಡ. ಆದರೆ 2025ರ ಮಾರ್ಚ್‌ನಲ್ಲಿ ಅದೇ ಉತ್ಸವದ ಮೂರು ಮೈಲಿಯ ಬ್ರೌನ್ ಅಡ್ವೈಸರಿ ನೊವಿಸ್ ಚೇಸ್‌ನಲ್ಲಿ ಅದೇ ಲಾಯದ, ಯಾರೂ ಹೆಚ್ಚು ಲೆಕ್ಕಕ್ಕಿಡದಿದ್ದ ಲೆಕಿ ವಾಟ್ಸನ್ ಗೆದ್ದಿತು, ಬ್ಯಾಲಿಬರ್ನ್ ಮೊದಲ ಮೂರರೊಳಗೂ ಬರಲಿಲ್ಲ.

ಇದರ ಎದುರಿಗೆ ಫ್ಯಾಕ್ಟ್ ಟು ಫೈಲ್ ಇದೆ. ಬಂಪರ್ ಎಂದು ಕರೆಯುವ, ತಡೆಗಳಿಲ್ಲದ ಪ್ರವೇಶಿಕ ಓಟಗಳ ನಂತರ ಅದು ಹರ್ಡಲ್ಸ್‌ನತ್ತ ತಲೆಯೇ ಹಾಕದೆ ನೇರವಾಗಿ ಬೇಲಿಗೆ ಬಂದು, 2024ರಲ್ಲಿ ಬ್ರೌನ್ ಅಡ್ವೈಸರಿಯನ್ನು, 2025ರಲ್ಲಿ ರಯನೇರ್ ಚೇಸ್ ಅನ್ನು ಗೆದ್ದಿತು. ಹರ್ಡಲ್ಸ್‌ನ ಸಾಧನೆಯನ್ನು ಕುದುರೆಯ ಎಂಜಿನ್ನಿನ ಅಳತೆಯೆಂದು ತೆಗೆದುಕೊಳ್ಳಿ, ಜಿಗಿತದ ಅಳತೆಯೆಂದಲ್ಲ.

ಜಿಗಿತ ಚೆನ್ನಾಗಿದೆ ಅಂತ ಕಾಮೆಂಟರಿಯವರು ಹೇಳ್ತಾರೆ. ನನಗೆ ಎಲ್ಲವೂ ಒಂದೇ ಥರ ಕಾಣ್ತದೆ. ಏನನ್ನ ನೋಡಬೇಕು?

ಬೇಲಿಯ ಮೇಲಿನ ಕ್ಷಣವನ್ನಲ್ಲ, ಅದಕ್ಕೆ ಮುಂಚಿನ ಮೂರು ಹೆಜ್ಜೆಗಳನ್ನು ನೋಡಿ. ಓಡಿ ಬರುವ ಕುದುರೆಗೆ ಬೇಲಿ ಯಾವಾಗಲೂ ಸರಿಯಾದ ದೂರದಲ್ಲಿ ಸಿಗುವುದಿಲ್ಲ. ಕೆಲವೊಮ್ಮೆ ಅರ್ಧ ಹೆಜ್ಜೆ ಹೆಚ್ಚಾಗುತ್ತದೆ, ಕೆಲವೊಮ್ಮೆ ಕಡಿಮೆ. ಜಾಣ ಕುದುರೆ ಇದನ್ನು ದೂರದಿಂದಲೇ ಕಂಡು ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು ಬೇಲಿಯ ಬುಡಕ್ಕೆ ಹೋಗಿ ನೇರವಾಗಿ ಮೇಲೇಳುತ್ತದೆ. ಇಲ್ಲವೇ ದೂರದಿಂದಲೇ ಧೈರ್ಯವಾಗಿ ಚಿಮ್ಮುತ್ತದೆ. ಎರಡೂ ಬಗೆ ಗೊತ್ತಿರುವ ಕುದುರೆ ಬೆಳೆಯುತ್ತದೆ. ದೂರದಿಂದ ಚಿಮ್ಮುವುದನ್ನು ಮಾತ್ರ ಬಲ್ಲ ಕುದುರೆ ನೋಡಲು ಬಲು ಸೊಗಸು, ನಾಲ್ಕೈದು ಕುದುರೆಗಳ ಸಣ್ಣ ಓಟದಲ್ಲಿ ಜನರ ಮನಸ್ಸನ್ನು ಗೆದ್ದುಬಿಡುತ್ತದೆ. ಆದರೆ ಹದಿನೈದು ಕುದುರೆಗಳ ನಡುವೆ ಮುಂದಿನದರ ಬೆನ್ನೇ ಬೇಲಿಯನ್ನು ಮರೆಮಾಡಿದಾಗ ಅದರ ಸೊಗಸೆಲ್ಲ ಇಳಿದುಹೋಗುತ್ತದೆ.

ಎರಡನೆಯದಾಗಿ, ನೆಲಕ್ಕಿಳಿದ ಮೇಲಿನ ಒಂದು ಹೆಜ್ಜೆ. ಕೆಲವು ಕುದುರೆಗಳು ಬೇಲಿಯ ಆಚೆ ಇಳಿದು ಕ್ಷಣ ಕಾಲ ನಿಂತಂತೆ ಮಾಡಿ ಮತ್ತೆ ಓಡುತ್ತವೆ. ಒಳ್ಳೆಯ ಚೇಸರ್ ಇಳಿಯುವಾಗಲೇ ಓಡುತ್ತಿರುತ್ತದೆ. ಎರಡು ಮೈಲಿಯ ಓಟದಲ್ಲಿ ಕನಿಷ್ಠ ಹನ್ನೆರಡು ಬೇಲಿಗಳಿರುತ್ತವೆ. ಪ್ರತಿಯೊಂದರಲ್ಲೂ ಅರ್ಧ ಲೆಂಗ್ತ್ ಗಳಿಸಿದರೆ ಆರು ಲೆಂಗ್ತ್ ಆಯಿತು, ಅಷ್ಟನ್ನು ಬರೀ ವೇಗದಿಂದ ಗಳಿಸುವುದು ಕಷ್ಟ.

ಮೂರನೆಯದು ನೇರ. ಎಡಕ್ಕೋ ಬಲಕ್ಕೋ ವಾಲಿ ಜಿಗಿಯುವ ಕುದುರೆ ಪ್ರತಿ ಬೇಲಿಯಲ್ಲೂ ಜಾಗ ಕಳೆದುಕೊಳ್ಳುತ್ತದೆ. ಇವನ್ನೆಲ್ಲ ಒಂದೇ ಕಡೆ ಪರೀಕ್ಷಿಸುವ ಜಾಗ ಬೇಕೆಂದರೆ ಲಂಡನ್ ಬಳಿಯ ಸ್ಯಾಂಡೌನ್ ನೋಡಿ. ಅಲ್ಲಿ ರೈಲು ಹಳಿಯ ಪಕ್ಕದ ನೇರ ದಾರಿಯಲ್ಲಿ ಮೂರು ಬೇಲಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದರಲ್ಲಿ ಎಡವಿದರೆ ಎರಡನೆಯದಕ್ಕೆ ಸರಿಪಡಿಸಿಕೊಳ್ಳಲು ಸಮಯವಿಲ್ಲ. ನನ್ನ ಮಟ್ಟಿಗೆ, ಡಿಸೆಂಬರ್‌ನಲ್ಲಿ ಅಲ್ಲಿ ನಡೆಯುವ ಹೆನ್ರಿ ದಿ ಎಯ್ತ್ ನೊವಿಸ್ ಚೇಸ್‌ನಲ್ಲಿ ಯಾವ ಕುದುರೆ ಗೆದ್ದಿತು ಎಂಬುದಕ್ಕಿಂತ ಆ ಮೂರು ಬೇಲಿಗಳನ್ನು ಯಾವುದು ಹೇಗೆ ದಾಟಿತು ಎಂಬುದೇ ದೊಡ್ಡ ಸುದ್ದಿ.

ಮೊದಲ ಸಲವೇ ಬಿದ್ದ ಕುದುರೆಯನ್ನ ಪಟ್ಟಿಯಿಂದ ತೆಗೆದುಹಾಕಬಹುದಾ?

ಅವಸರ ಬೇಡ. ಹೇಗೆ ಬಿದ್ದಿತು ಎಂಬುದನ್ನು ನೋಡಬೇಕು. ದಣಿದು ಬಿದ್ದದ್ದು ಬೇರೆ, ಬೇಲಿಯನ್ನು ಗಮನಿಸದೆ ಎದೆಯೊಡ್ಡಿ ಬಿದ್ದದ್ದು ಬೇರೆ, ಚೆನ್ನಾಗಿ ಜಿಗಿದು ಇಳಿಯುವಾಗ ಕಾಲು ಮಡಿಸಿ ಮುಗ್ಗರಿಸಿದ್ದು ಇನ್ನೂ ಬೇರೆ.

2005ರ ಜನವರಿಯಲ್ಲಿ ಎಕ್ಸಿಟರ್‌ನಲ್ಲಿ ಕೌಟೊ ಸ್ಟಾರ್ ಎಂಬ ಎಳೆಯ ಕುದುರೆ ಕೊನೆಯಿಂದ ಎರಡನೆಯ ಬೇಲಿಯಲ್ಲಿ ಬಿದ್ದಿತು. ಜಾಕಿ ರೂಬಿ ವಾಲ್ಶ್ ಮತ್ತೆ ಹತ್ತಿ ಓಡಿಸಿದ, ಕೇವಲ ಷಾರ್ಟ್ ಹೆಡ್, ಅಂದರೆ ಒಂದು ತಲೆಯುದ್ದಕ್ಕೂ ಕಡಿಮೆ ಅಂತರದಲ್ಲಿ ಸೋಲಾಯಿತು. ಹೀಗೆ ಬಿದ್ದ ಮೇಲೆ ಮತ್ತೆ ಹತ್ತುವುದನ್ನು ಬ್ರಿಟನ್ನಿನಲ್ಲಿ 2009ರಲ್ಲಿ ನಿಷೇಧಿಸಿದರು; ಕುದುರೆಯ ಹಿತಕ್ಕೆ ಅದೇ ಸರಿ. ಆ ಕೌಟೊ ಸ್ಟಾರ್ ಮುಂದೆ ಚೇಸ್‌ಗಳಲ್ಲೇ ದೊಡ್ಡದೆನಿಸಿದ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಅನ್ನು ಎರಡು ಸಲ, ಕೆಂಪ್ಟನ್‌ನ ಕಿಂಗ್ ಜಾರ್ಜ್ ಚೇಸ್ ಅನ್ನು ಐದು ಸಲ ಗೆದ್ದಿತು.

ಮೈಟ್ ಬೈಟ್ ಎಂಬ ಕುದುರೆಯ ಕಥೆಯಂತೂ ಎರಡು ಅಂಕದ ನಾಟಕ. 2016ರ ಡಿಸೆಂಬರ್ 26ರಂದು ಕೆಂಪ್ಟನ್‌ನಲ್ಲಿ ಬಹು ದೂರ ಮುಂದಿದ್ದಾಗ ಕೊನೆಯ ಬೇಲಿಯಲ್ಲಿ ಬಿದ್ದಿತು. ಮೂರು ತಿಂಗಳ ನಂತರ ಚೆಲ್ಟನ್‌ಹ್ಯಾಮ್‌ನಲ್ಲಿ, ಆಗ ಆರ್‌ಎಸ್‌ಎ ಎಂದು ಕರೆಯುತ್ತಿದ್ದ ಬ್ರೌನ್ ಅಡ್ವೈಸರಿ ಓಟದಲ್ಲಿ, ಕೊನೆಯ ಬೇಲಿಯನ್ನೇನೋ ಸರಿಯಾಗಿ ದಾಟಿತು, ಆದರೆ ಗೆಲುವಿನ ಗೆರೆಯತ್ತ ಓಡುವ ಬದಲು ಮನೆಗೆ ಹೋಗುವ ದಾರಿ ನೆನಪಾದಂತೆ ಬಲಕ್ಕೆ ವಾಲಿ ನಿಧಾನಿಸಿತು. ಎದುರಾಳಿ ಕುದುರೆ ವಿಸ್ಪರ್ ಮುಂದೆ ಹೋದ ಮೇಲೆ, ಸವಾರನಿಲ್ಲದ ಕುದುರೆಯೊಂದು ಪಕ್ಕದಲ್ಲಿ ಬಂದದ್ದರಿಂದ ಎಚ್ಚೆತ್ತು, ಮತ್ತೆ ಓಡಿ ನೋಸ್, ಅಂದರೆ ಮೂಗಿನಷ್ಟು ಅಂತರದಲ್ಲಿ ಗೆದ್ದಿತು. ಆ ವರ್ಷದ ಕೊನೆಗೆ ಕಿಂಗ್ ಜಾರ್ಜ್ ಕೂಡ ಅದರದೇ ಆಯಿತು.

ಎಡ ಸುತ್ತು, ಬಲ ಸುತ್ತು, ನೆಲ ಮೆತ್ತಗೆ ಗಟ್ಟಿ ಅಂತೆಲ್ಲ ನೋಡ್ಲೇಬೇಕಾ?

ನೋಡಲೇಬೇಕು, ಅದರಲ್ಲೂ ಹೊಸ ಕುದುರೆಗಳ ವಿಷಯದಲ್ಲಿ. ಚೆಲ್ಟನ್‌ಹ್ಯಾಮ್ ಎಡ ಸುತ್ತಿನ, ಏರಿಳಿತದ, ಕೊನೆಗೆ ಕಡಿದಾದ ಏರು ಇರುವ ಜಾಗ. ಕೆಂಪ್ಟನ್ ಬಲ ಸುತ್ತಿನ, ಸಮತಟ್ಟಾದ ಜಾಗ. ಬಲಕ್ಕೆ ವಾಲಿ ಜಿಗಿಯುವ ಕುದುರೆ ಕೆಂಪ್ಟನ್‌ನಲ್ಲಿ ಹುಲಿಯಾಗಿದ್ದು ಚೆಲ್ಟನ್‌ಹ್ಯಾಮ್‌ನಲ್ಲಿ ದಾರಿ ತಪ್ಪಬಹುದು. ಬಿಳಿ ಕುದುರೆ ಡೆಸರ್ಟ್ ಆರ್ಕಿಡ್ ಕೆಂಪ್ಟನ್‌ನಲ್ಲಿ ನಾಲ್ಕು ಕಿಂಗ್ ಜಾರ್ಜ್ ಗೆದ್ದರೂ, 1989ರಲ್ಲಿ ಒಲ್ಲದ ಎಡ ಸುತ್ತಿನಲ್ಲಿ, ಕೆಸರಿನಲ್ಲಿ ಗೋಲ್ಡ್ ಕಪ್ ಗೆದ್ದದ್ದನ್ನೇ ಜನ ಇಂದಿಗೂ ಹೆಚ್ಚಾಗಿ ನೆನೆಯುವುದು.

ನೆಲದ ಹದದ ವಿಷಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್–ಜನವರಿಯ ನೆನೆದ ನೆಲದಲ್ಲಿ ಎಲ್ಲ ಕುದುರೆಗಳೂ ನಿಧಾನವಾಗುತ್ತವೆ, ಜಿಗಿತದ ತಪ್ಪುಗಳು ಮುಚ್ಚಿಹೋಗುತ್ತವೆ. ವಸಂತದ ಒಣ ನೆಲದಲ್ಲಿ ವೇಗ ಹೆಚ್ಚಿದಾಗ ಅದೇ ತಪ್ಪುಗಳು ಬಯಲಾಗುತ್ತವೆ.

## ಈ ಋತು

ಸುತ್ತು ಬಳಸಿ ಮಾತು ಬೇಡ, ಈ ವರ್ಷ ಯಾವ ಕುದುರೆಗಳ ಮೇಲೆ ಕಣ್ಣಿಡಬೇಕು, ಹೆಸರು ಹೇಳಿ.

ಹೇಳುತ್ತೇನೆ. ಇವು ಬೇಲಿಗೆ ಇಳಿಯುವ ನಿರೀಕ್ಷೆಯಿರುವ ಕುದುರೆಗಳು; ಋತು ಬೆಳೆದಂತೆ ಯೋಜನೆಗಳು ಬದಲಾಗುವುದು ಈ ಆಟದಲ್ಲಿ ಸಾಮಾನ್ಯ.

ಕೊಪೆಕ್ ದೆ ಬೋರ್ದ್. ಐರ್ಲೆಂಡಿನ ಟ್ರೇನರ್ ವಿಲಿ ಮಲಿನ್ಸ್ ಲಾಯದ ಐದು ವರ್ಷದ ಕುದುರೆ. 2025ರ ಫೆಬ್ರುವರಿಯಲ್ಲಿ ಲೆಪರ್ಡ್ಸ್‌ಟೌನ್‌ನಲ್ಲಿ 13 ಲೆಂಗ್ತ್‌ಗಳಿಂದಲೂ ಮಾರ್ಚ್ 11ರಂದು ಚೆಲ್ಟನ್‌ಹ್ಯಾಮ್ ಉತ್ಸವದ ಮೊದಲ ಓಟವಾದ ಸುಪ್ರೀಂ ನೊವಿಸ್ ಹರ್ಡಲ್‌ನಲ್ಲೂ ಗೆದ್ದಿತು. ಎಂಜಿನ್ ಬಗ್ಗೆ ಅನುಮಾನವೇ ಇಲ್ಲ. ನನ್ನ ಅಳುಕು ಅದರ ಸ್ವಭಾವದ ಮೇಲೆ: ಓಟದ ಮೊದಲ ಭಾಗದಲ್ಲಿ ಲಗಾಮಿಗೆ ಬಗ್ಗದೆ ಎಳೆದಾಡುವ ಕುದುರೆ ಅದು. ಬೇಲಿಗಳು ಇಂಥ ಕುದುರೆಗಳನ್ನು ಒಂದೋ ತಣ್ಣಗಾಗಿಸುತ್ತವೆ, ಇಲ್ಲವೇ ಇನ್ನಷ್ಟು ಕೆರಳಿಸುತ್ತವೆ. ಮೊದಲ ಓಟದಲ್ಲಿ ಮೊದಲ ನಾಲ್ಕು ಬೇಲಿಗಳನ್ನು ಮಾತ್ರ ಗಮನಿಸಿದರೂ ಉತ್ತರ ಸಿಗುತ್ತದೆ.

ಫೈನಲ್ ಡಿಮ್ಯಾಂಡ್. ಇದೂ ಮಲಿನ್ಸ್‌ನದೇ. ಚೆಲ್ಟನ್‌ಹ್ಯಾಮ್‌ನ ಟರ್ನರ್ಸ್ ನೊವಿಸ್ ಹರ್ಡಲ್‌ನಲ್ಲಿ ದಿ ನ್ಯೂ ಲಯನ್ ಮತ್ತು ದಿ ಯೆಲೋ ಕ್ಲೇ ಹಿಂದೆ ಮೂರನೆಯದಾಯಿತು. ಆ ಸೋಲಿನಿಂದಾಗಿ ಅದರ ಹೆಸರು ಸ್ವಲ್ಪ ಮಂಕಾಗಿದೆ, ನನಗೆ ಹಿಡಿಸುವುದು ಅದೇ. ದೂರ ಹೆಚ್ಚಿದಷ್ಟೂ ಬೇಲಿ ಹೆಚ್ಚಿದಷ್ಟೂ ಬೆಳೆಯುವ ಮೈಕಟ್ಟು. ಒಂದೇ ಹೆಸರು ಹೇಳಿ ಎಂದರೆ ಇದನ್ನೇ ಹೇಳುತ್ತೇನೆ.

ರೋಮಿಯೋ ಕೂಲಿಯೋ. ಗೋರ್ಡನ್ ಎಲಿಯಟ್ ಲಾಯದ್ದು, ಸುಪ್ರೀಂನಲ್ಲಿ ಕೊಪೆಕ್ ಮತ್ತು ವಿಲಿಯಂ ಮನ್ನಿ ಹಿಂದೆ ಮೂರನೆಯದು. ಎರಡು ಮೈಲಿಯ ಕುದುರೆಯೋ ಎರಡೂವರೆಯದೋ ಎಂಬುದು ಇನ್ನೂ ತೀರ್ಮಾನವಾಗಬೇಕು.

ಲುಲಾಂಬ. ಇಂಗ್ಲೆಂಡಿನ ನಿಕಿ ಹೆಂಡರ್ಸನ್ ಲಾಯದ್ದು, ವಯಸ್ಸು ನಾಲ್ಕೇ. ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಟ್ರಯಂಫ್ ಹರ್ಡಲ್ ಗೆಲ್ಲಬೇಕಿತ್ತು. ಹರ್ಡಲ್ ಮೇಲೆ ಅದೇ ಮೊದಲ ಬಾರಿಗೆ ಓಡಿದ, ಬಾಜಿಯಲ್ಲಿ ನೂರಕ್ಕೊಂದರ ಬೆಲೆಯ ಪೊನಿರೊಸ್ ಕೊನೆಯ ಗಳಿಗೆಯಲ್ಲಿ ಕಸಿದುಕೊಂಡಿತು. ಪಂಚೆಸ್‌ಟೌನ್‌ನಲ್ಲಿ ಲುಲಾಂಬ ಗೆದ್ದು ಮಾನ ಉಳಿಸಿಕೊಂಡಿತು. ಉತ್ತರ ಗೋಳಾರ್ಧದ ಓಟದ ಕುದುರೆಗಳಿಗೆಲ್ಲ ಜನವರಿ 1ಕ್ಕೇ ಒಂದು ವಯಸ್ಸು ಏರುವುದರಿಂದ, ಮಾರ್ಚ್‌ನಲ್ಲಿ ಅದು ಐದು ವರ್ಷದ್ದಾಗಿ ಆರು ಏಳು ವರ್ಷದವುಗಳ ಎದುರು ನಿಲ್ಲಬೇಕು. ಕಳೆದ ಸಲ ಇದೇ ವಯಸ್ಸಿನಲ್ಲಿ ಮಜ್ಬರೊ ಎಂಬ ಅಪ್ರತಿಮ ಕುದುರೆ ಚೆಲ್ಟನ್‌ಹ್ಯಾಮ್‌ನ ಎರಡು ಮೈಲಿಯ ನೊವಿಸ್ ಚೇಸ್ ಆದ ಆರ್ಕಲ್ ಓಟದಲ್ಲಿ ಕೊನೆಯಿಂದ ಎರಡನೆಯ ಬೇಲಿಯಲ್ಲಿ ಎಡವಿ ಮೂರನೆಯದಾಯಿತು, ಹಿಂದಿನಿಂದ ಬಂದ ಜಾಂಗೊ ಬೈ ಗೆದ್ದಿತು.

ಜಾಸ್ಮಿನ್ ದೆ ವೋ. 2024ರಲ್ಲಿ ಚಾಂಪಿಯನ್ ಬಂಪರ್, 2025ರಲ್ಲಿ ಮೂರು ಮೈಲಿಯ ಆಲ್ಬರ್ಟ್ ಬಾರ್ಟ್ಲೆಟ್ ಹರ್ಡಲ್, ಹೀಗೆ ಸತತ ಎರಡು ಉತ್ಸವಗಳಲ್ಲಿ ಗೆದ್ದ ಕುದುರೆ. ಉಸಿರು ದೀರ್ಘ. ಮೂರು ಮೈಲಿಯ ನೊವಿಸ್ ಚೇಸ್‌ಗಳಿಗೆ ಹೇಳಿ ಮಾಡಿಸಿದಂತಿದೆ.

ಟರ್ನರ್ಸ್ ಗೆದ್ದ ದಿ ನ್ಯೂ ಲಯನ್ ಏಕೆ ಇಲ್ಲ ಎಂದು ಕೇಳುವವರಿಗೆ: ಅದರ ಗುರಿ ಚಾಂಪಿಯನ್ ಹರ್ಡಲ್, ಬೇಲಿಯಲ್ಲ.

ಯಾವ ಓಟಗಳನ್ನ ತಪ್ಪದೆ ನೋಡಬೇಕು? ಎಲ್ಲಾ ನೋಡೋಕೆ ಟೈಮ್ ಇಲ್ಲ.

ನವೆಂಬರ್‌ನ ಮೊದಲ ಓಟಗಳ ಫಲಿತಾಂಶ ಓದಿದರೆ ಸಾಕು. ಎದುರಾಳಿಗಳು ದುರ್ಬಲ, ಗೆಲುವಿನ ಅಂತರ ಮೋಸ ಮಾಡುತ್ತದೆ. ನವೆಂಬರ್ ಕೊನೆಗೆ ಐರ್ಲೆಂಡಿನ ಫೇರಿಹೌಸ್‌ನಲ್ಲಿ ನಡೆಯುವ ಡ್ರಿನ್‌ಮೋರ್‌ನಿಂದ ಗಂಭೀರವಾಗಿ ನೋಡಿ. ಆಮೇಲೆ ಮೊದಲೇ ಹೇಳಿದ ಸ್ಯಾಂಡೌನ್ ಓಟ. ಕ್ರಿಸ್‌ಮಸ್ ಮರುದಿನದಿಂದ ಕೆಂಪ್ಟನ್, ಲೆಪರ್ಡ್ಸ್‌ಟೌನ್, ಲಿಮರಿಕ್ ಮೂರು ಕಡೆಯೂ ಹಬ್ಬ. ಕೆಂಪ್ಟನ್‌ನ ಮೂರು ಮೈಲಿಯ ಕೌಟೊ ಸ್ಟಾರ್ ನೊವಿಸ್ ಚೇಸ್ ಡಿಸೆಂಬರ್ 26ಕ್ಕೆ. ಫೆಬ್ರುವರಿಯ ಆರಂಭದಲ್ಲಿ ಲೆಪರ್ಡ್ಸ್‌ಟೌನ್‌ನ ಎರಡು ದಿನಗಳ ಡಬ್ಲಿನ್ ಉತ್ಸವ, ಸ್ಯಾಂಡೌನ್‌ನ ಸಿಲಿ ಐಲ್ಸ್. ಚೆಲ್ಟನ್‌ಹ್ಯಾಮ್ ಉತ್ಸವ 2026ರ ಮಾರ್ಚ್ 10ರಿಂದ 13ರವರೆಗೆ. ಎರಡು ಮೈಲಿಯ ಆರ್ಕಲ್ ಮಂಗಳವಾರ, ಮೂರು ಮೈಲಿಯ ಬ್ರೌನ್ ಅಡ್ವೈಸರಿ ಬುಧವಾರ. ಅಲ್ಲಿ ಮಧ್ಯಾಹ್ನ 1:20 ಎಂದರೆ ನಮ್ಮಲ್ಲಿ ಸಂಜೆ 6:50, ಕಚೇರಿ ಮುಗಿಸಿ ಬಂದವರಿಗೆ ಅನುಕೂಲವೇ. ಗ್ರ್ಯಾಂಡ್ ನ್ಯಾಷನಲ್ ನಡೆಯುವ ಏಪ್ರಿಲ್‌ನ ಏಂಟ್ರಿ ಕೂಟ ಮತ್ತು ಅದರ ನಂತರದ ಪಂಚೆಸ್‌ಟೌನ್ ಮುಂದಿನ ವರ್ಷದ ಪಟ್ಟಿಗೆ ಬೀಜ.

ಯಾವ ಪಟ್ಟಿ ನೋಡಿದರೂ ಮಲಿನ್ಸ್, ಮಲಿನ್ಸ್. ಇದರಲ್ಲಿ ಸ್ವಾರಸ್ಯ ಏನು ಉಳಿಯಿತು?

ದೂರು ಸುಳ್ಳಲ್ಲ. ಕಾರ್ಲೋ ಪ್ರಾಂತದ ಕ್ಲೊಸಟನ್‌ನಲ್ಲಿ ಕುಳಿತೇ ಅವರು 2023–24 ಮತ್ತು 2024–25ರಲ್ಲಿ ಬ್ರಿಟನ್ನಿನ ಚಾಂಪಿಯನ್ ಟ್ರೇನರ್ ಪಟ್ಟವನ್ನೂ ಗೆದ್ದರು. ಅದಕ್ಕೆ ಮುಂಚೆ ಐರ್ಲೆಂಡಿನಲ್ಲಿ ನೆಲೆಸಿ ಆ ಪಟ್ಟ ಗೆದ್ದವರು ವಿನ್ಸೆಂಟ್ ಓಬ್ರಿಯನ್, 1954ರಲ್ಲಿ. ಹೊಸ ಕುದುರೆಗಳನ್ನು ಗಮನಿಸುವವರಿಗೆ ಇದರಿಂದ ಆಗುವ ತೊಂದರೆಯೆಂದರೆ, ಒಳ್ಳೆಯವು ಹತ್ತು ಒಂದೇ ಲಾಯದಲ್ಲಿದ್ದಾಗ ಅವು ಮಾರ್ಚ್‌ವರೆಗೆ ಒಂದನ್ನೊಂದು ಎದುರಿಸದಂತೆ ಹಂಚಿ ಓಡಿಸುತ್ತಾರೆ. ಆದರೂ ಒಂದು ಲಾಭವಿದೆ. ಲೆಕಿ ವಾಟ್ಸನ್, ಪೊನಿರೊಸ್ ಎರಡೂ ಅದೇ ಲಾಯದ, ಯಾರೂ ಆರಿಸದಿದ್ದ ಕುದುರೆಗಳು. ಮಲಿನ್ಸ್‌ನ ಮೊದಲ ಹೆಸರನ್ನು ಪತ್ರಿಕೆಗಳಿಗೆ ಬಿಟ್ಟು ಮೂರನೆಯ ಹೆಸರನ್ನು ಬರೆದಿಟ್ಟುಕೊಳ್ಳುವುದು ನನ್ನ ಹಳೆಯ ಚಟ.

## ಇನ್ನೂ ಆಳಕ್ಕೆ

ಮಾರ್ಚ್‌ನಲ್ಲಿ ಗೆದ್ದ ನೊವಿಸ್ಸೇ ಮುಂದಿನ ಗೋಲ್ಡ್ ಕಪ್ ಕುದುರೆ ಅಂತ ತಿಳ್ಕೋಬಹುದಾ?

ಇಲ್ಲಿ ಎರಡು ದೂರಗಳನ್ನು ಬೇರೆ ಮಾಡಿ ನೋಡಬೇಕು. ಎರಡು ಮೈಲಿಯಲ್ಲಿ ಹೌದೆನ್ನಬಹುದು. ಮಾಸ್ಕೋ ಫ್ಲೈಯರ್, ಅಜರ್ಟ್ಯೋಪ್, ವಾ ಪೂರ್ ಉಸ್ತೆದ್, ಸೈಜಿಂಗ್ ಯುರೋಪ್, ಸ್ಪ್ರಿಂಟರ್ ಸಾಕ್ರೆ, ಆಲ್ಟಿಯರ್, ಪುಟ್ ದ ಕೆಟಲ್ ಆನ್, ಇವೆಲ್ಲ ಆರ್ಕಲ್ ಗೆದ್ದು ಮುಂದೆ ಅದೇ ದೂರದ ಹಿರಿಯ ಓಟವಾದ ಚಾಂಪಿಯನ್ ಚೇಸ್ ಗೆದ್ದವು. ವೇಗವಾಗಿ ಜಿಗಿಯುವ ವಿದ್ಯೆ ಮೊದಲ ವರ್ಷವೇ ಕಾಣುತ್ತದೆ, ಹೆಚ್ಚು ಬದಲಾಗುವುದಿಲ್ಲ.

ಮೂರು ಮೈಲಿಯ ಕಥೆ ತಿರುಗುಮುರುಗು. ಡೆನ್‌ಮನ್, ಬಾಬ್ಸ್ ವರ್ತ್, ಲಾರ್ಡ್ ವಿಂಡರ್‌ಮಿಯರ್ ಆರ್‌ಎಸ್‌ಎ ಗೆದ್ದ ಮರುವರ್ಷವೇ ಗೋಲ್ಡ್ ಕಪ್ ಗೆದ್ದದ್ದು ನಿಜ. ಆದರೆ 2015ರಿಂದ 2025ರವರೆಗೆ ಗೋಲ್ಡ್ ಕಪ್ ಗೆದ್ದ ಒಂದು ಕುದುರೆಯೂ ಆ ಓಟವನ್ನು ಗೆದ್ದಿರಲಿಲ್ಲ. ಹಾಗಾದರೆ ಅವು ನೊವಿಸ್ ಆಗಿದ್ದಾಗ ಏನು ಮಾಡಿದ್ದವು? ಸೈಜಿಂಗ್ ಜಾನ್ ಆರ್ಕಲ್‌ನಲ್ಲಿ ದೂವಾನ್ ಹಿಂದೆ ಎರಡನೆಯದಾಗಿತ್ತು. ಆಲ್ ಬೂಮ್ ಫೋಟೋ 2018ರ ಆರ್‌ಎಸ್‌ಎಯಲ್ಲಿ ಬಿದ್ದಿತ್ತು. ಸಾಲದ್ದಕ್ಕೆ ಪಂಚೆಸ್‌ಟೌನ್‌ನಲ್ಲಿ ಗೆಲ್ಲುವಂತಿದ್ದಾಗ ಜಾಕಿ ಪಾಲ್ ಟೌನೆಂಡ್ ತಪ್ಪು ತಿಳಿದು ಕೊನೆಯ ಬೇಲಿಯನ್ನೇ ತಪ್ಪಿಸಿ ಪಕ್ಕಕ್ಕೆ ತಿರುಗಿಸಿದ್ದ. ಅದೇ ಜಾಕಿ, ಅದೇ ಕುದುರೆ 2019 ಮತ್ತು 2020ರ ಗೋಲ್ಡ್ ಕಪ್ ಗೆದ್ದರು. ಮಿನೆಲ್ಲಾ ಇಂಡೊ 2020ರಲ್ಲಿ ಚಾಂಪ್ ಎದುರು ಕೊನೆಯ ಕೆಲವು ಹೆಜ್ಜೆಗಳಲ್ಲಿ ಸೋತಿತ್ತು. ‘ಆ ಪ್ಲೂ ತಾರ್’ ಎಂಬ ಕುದುರೆ 2019ರಲ್ಲಿ ಗೆದ್ದದ್ದು ಒಂದು ನೊವಿಸ್ ಹ್ಯಾಂಡಿಕ್ಯಾಪ್ (ಬಲಶಾಲಿ ಕುದುರೆಗೆ ಹೆಚ್ಚು ತೂಕ ಹೊರಿಸಿ ಸಮ ಮಾಡುವ ಓಟ), ಅದೂ 16 ಲೆಂಗ್ತ್‌ಗಳಿಂದ. ಗಾಲೋಪಾ ದೆ ಶಾಂ 2022ರ ಟರ್ನರ್ಸ್ ನೊವಿಸ್ ಚೇಸ್‌ನಲ್ಲಿ ಬಹಳ ಮುಂದಿದ್ದು ಕೊನೆಯ ಬೇಲಿಯಲ್ಲಿ ಮುಗ್ಗರಿಸಿ, ಓಟವನ್ನು ಬಾಬ್ ಒಲಿಂಜರ್‌ಗೆ ಬಿಟ್ಟುಕೊಟ್ಟಿತ್ತು. 2023, 2024ರ ಗೋಲ್ಡ್ ಕಪ್‌ಗಳು ಅದರವು. 2025ರಲ್ಲಿ ಅದನ್ನು ಸೋಲಿಸಿದ ಇನೊದವೇಅರ್‌ಥಿಂಕಿನ್ ಹಿಂದಿನ ವರ್ಷ ನೊವಿಸ್ ಆಗಿದ್ದಾಗ ಓಡಿದ್ದು ಹವ್ಯಾಸಿ ಸವಾರರ ಕಿಮ್ ಮ್ಯೂರ್ ಹ್ಯಾಂಡಿಕ್ಯಾಪ್‌ನಲ್ಲಿ.

ಹಾಗಾಗಿ ಬುಧವಾರದ ಓಟ ಮುಗಿದ ಮೇಲೆ ನಾನು ಗೆದ್ದ ಕುದುರೆಯನ್ನಲ್ಲ, ಎರಡನೆಯದನ್ನೂ ಬಿದ್ದದ್ದನ್ನೂ ಮತ್ತೊಮ್ಮೆ ನೋಡುತ್ತೇನೆ. ಆ ವಾರದ ಹ್ಯಾಂಡಿಕ್ಯಾಪ್‌ಗಳಲ್ಲಿ ನೊವಿಸ್‌ಗಳು ಏನು ಮಾಡಿದವು ಎಂಬುದನ್ನೂ ಗುರುತು ಹಾಕಿಕೊಳ್ಳುತ್ತೇನೆ.

ನೊವಿಸ್ ಆಗಿದ್ದಾಗಲೇ ಗೋಲ್ಡ್ ಕಪ್ಪೋ ಗ್ರ್ಯಾಂಡ್ ನ್ಯಾಷನಲ್ಲೋ ಗೆದ್ದದ್ದು ಉಂಟಾ?

ಉಂಟು, ಅಪರೂಪಕ್ಕೆ. 2015ರಲ್ಲಿ ಕೋನಿಗ್ರಿ ಗೋಲ್ಡ್ ಕಪ್ ಗೆದ್ದಾಗ ಅದು ಬೇಲಿಯ ಮೇಲೆ ಓಡಿದ ನಾಲ್ಕನೆಯ ಓಟ ಅಷ್ಟೇ. ಮಾರ್ಕ್ ಬ್ರಾಡ್‌ಸ್ಟಾಕ್ ಅವರ ಸಣ್ಣ ಲಾಯದ ಕುದುರೆ, ಆರಂಭದಿಂದ ಕೊನೆಯವರೆಗೆ ಮುಂದೆಯೇ ಓಡಿತು. ಅದಕ್ಕೆ ಮುಂಚೆ ನೊವಿಸ್ ಒಂದು ಗೋಲ್ಡ್ ಕಪ್ ಗೆದ್ದದ್ದು 1974ರಲ್ಲಿ, ಕ್ಯಾಪ್ಟನ್ ಕ್ರಿಸ್ಟಿ. ನಾಲ್ಕೂಕಾಲು ಮೈಲಿಗೂ ಮಿಕ್ಕಿದ, ಮೂವತ್ತು ಬೇಲಿಗಳ ಗ್ರ್ಯಾಂಡ್ ನ್ಯಾಷನಲ್ ಅನ್ನು 2016ರಲ್ಲಿ ಗೆದ್ದ ರೂಲ್ ದ ವರ್ಲ್ಡ್ ಅದಕ್ಕೆ ಮುನ್ನ ಒಂದೇ ಒಂದು ಚೇಸ್ ಕೂಡ ಗೆದ್ದಿರಲಿಲ್ಲ. 2022ರಲ್ಲಿ ಏಳು ವರ್ಷದ ನೋಬಲ್ ಯೇಟ್ಸ್ ಐವತ್ತಕ್ಕೊಂದರ ಬೆಲೆಯಲ್ಲಿ ಗೆದ್ದಿತು. ಆ ವಯಸ್ಸಿನ ಕುದುರೆ ಗೆದ್ದದ್ದು 1940ರ ನಂತರ ಅದೇ ಮೊದಲು. ಐರಿಷ್ ಗ್ರ್ಯಾಂಡ್ ನ್ಯಾಷನಲ್ ಅಂತೂ ಇತ್ತೀಚೆಗೆ ನೊವಿಸ್‌ಗಳ ಮೆಚ್ಚಿನ ಓಟವಾಗಿದೆ. 2023ರಲ್ಲಿ ಐ ಆಮ್ ಮ್ಯಾಕ್ಸಿಮಸ್ ಅಲ್ಲಿ ಗೆದ್ದು ಮರುವರ್ಷ ಏಂಟ್ರಿಯ ಗ್ರ್ಯಾಂಡ್ ನ್ಯಾಷನಲ್ ಅನ್ನೂ ಗೆದ್ದಿತು. 2025ರಲ್ಲಿ ವೇಲ್ಸ್‌ನ ರೆಬೆಕಾ ಕರ್ಟಿಸ್ ಅವರ ಹೈಟಿ ಕುಲರ್ಸ್ ಚೆಲ್ಟನ್‌ಹ್ಯಾಮ್‌ನ ನ್ಯಾಷನಲ್ ಹಂಟ್ ಚೇಸ್ ಗೆದ್ದು, ಮುಂದಿನ ತಿಂಗಳೇ ಐರ್ಲೆಂಡಿಗೆ ಹೋಗಿ ಅದನ್ನೂ ಹೊತ್ತು ತಂದಿತು.

ಎರಡೂವರೆ ಮೈಲಿಯ ನೊವಿಸ್ ಚೇಸ್ ಒಂದಿತ್ತಲ್ಲ ಚೆಲ್ಟನ್‌ಹ್ಯಾಮ್‌ನಲ್ಲಿ, ಎಲ್ಲಿ ಹೋಯಿತು?

ಗಾಲೋಪಾ ಬಿದ್ದ ಆ ಓಟ 2011ರಿಂದ 2024ರವರೆಗೆ ಇತ್ತು. 2025ರಿಂದ ಅದನ್ನು ಕೈಬಿಟ್ಟು ನೊವಿಸ್ ಹ್ಯಾಂಡಿಕ್ಯಾಪ್ ಒಂದನ್ನು ತಂದರು. ಮೂರು ಆಯ್ಕೆಗಳಿದ್ದಾಗ ಒಳ್ಳೆಯ ಕುದುರೆಗಳು ಒಂದನ್ನೊಂದು ತಪ್ಪಿಸಿಕೊಳ್ಳುತ್ತಿದ್ದವು, ಈಗ ಆರ್ಕಲ್ ಅಥವಾ ಬ್ರೌನ್ ಅಡ್ವೈಸರಿ ಎಂದು ಆರಿಸಲೇಬೇಕು. ಬದಲಾವಣೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ ರೋಮಿಯೋ ಕೂಲಿಯೋದಂತಹ ನಡುದೂರದ ಕುದುರೆಗೆ ಮಾರ್ಚ್‌ನಲ್ಲಿ ಒಂದೋ ಬಟ್ಟೆ ಬಿಗಿ, ಇಲ್ಲವೇ ಸಡಿಲ. ಅಂಥವುಗಳ ನಿಜವಾದ ಅಳತೆ ಏಂಟ್ರಿಯ ಎರಡೂವರೆ ಮೈಲಿಯ ಮ್ಯಾನಿಫೆಸ್ಟೊ ಓಟದಲ್ಲಿ ಸಿಗುತ್ತದೆ.

ಕುದುರೆಗಳು ಬಿದ್ದು ಸಾಯ್ತವೆ. ಇದನ್ನ ನೋಡಿ ಖುಷಿ ಪಡೋದು ಸರಿಯಾ?

ಅಪಾಯ ನಿಜ, ಅದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಹೊಸ ಕುದುರೆ ಕಲಿಯುತ್ತಲೇ ಓಡುವುದರಿಂದ ಅದರ ಪಾಲಿಗೆ ಪ್ರತಿ ಬೇಲಿಯೂ ಪರೀಕ್ಷೆ. ಕೆಲವು ಸುಧಾರಣೆಗಳು ಆಗಿವೆ. ಕುದುರೆಯ ಕಣ್ಣಿಗೆ ಕಿತ್ತಳೆ ಬಣ್ಣ ಹುಲ್ಲಿನ ಹಸಿರಿನಿಂದ ಬೇರೆಯಾಗಿ ಕಾಣುವುದಿಲ್ಲ ಎಂದು ಎಕ್ಸಿಟರ್ ವಿಶ್ವವಿದ್ಯಾಲಯದವರ ಅಧ್ಯಯನ ತೋರಿಸಿದ ಮೇಲೆ, ಬ್ರಿಟನ್ನಿನ ಬೇಲಿಗಳ ಬುಡದ ಕಿತ್ತಳೆ ಹಲಗೆಗಳು ಬಿಳಿಯಾದವು. ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 2024ರಿಂದ ಕುದುರೆಗಳ ಸಂಖ್ಯೆ 40ರಿಂದ 34ಕ್ಕೆ ಇಳಿಯಿತು, ಮೊದಲ ಬೇಲಿಯನ್ನು ಆರಂಭದ ಗೆರೆಗೆ ಹತ್ತಿರ ತಂದು ವೇಗ ತಗ್ಗಿಸಿದರು. ಒಳ್ಳೆಯ ಟ್ರೇನರ್‌ಗಳು ಕುದುರೆಯನ್ನು ಮೊದಲು ನೆಲದ ಮೇಲಿಟ್ಟ ಕಂಬಗಳ ಮೇಲೆ, ಆಮೇಲೆ ಸವಾರನಿಲ್ಲದೆ ಆವರಣದೊಳಗೆ, ಕೊನೆಗೆ ಸವಾರನೊಂದಿಗೆ ಬೇಲಿಯ ಮೇಲೆ ತಿಂಗಳುಗಟ್ಟಲೆ ಪಳಗಿಸುತ್ತಾರೆ. ಇಷ್ಟಾದ ಮೇಲೂ ನೋಡಲಾರೆ ಎನ್ನುವವರ ಜೊತೆ ನಾನು ವಾದಿಸುವುದಿಲ್ಲ.

ಪಟ್ಟಿಯಲ್ಲಿ ಎಷ್ಟು ಹೆಸರು ಇಟ್ಕೋಬೇಕು, ಯಾವಾಗ ಬದಲಾಯಿಸಬಹುದು?

ಹತ್ತು ಸಾಕು. ಕ್ರಿಸ್‌ಮಸ್‌ವರೆಗೆ ಯಾವ ಹೆಸರನ್ನೂ ಹೊಡೆದುಹಾಕಬೇಡಿ, ಏಕೆಂದರೆ ಮೊದಲ ಓಟದಲ್ಲಿ ಕುದುರೆಗೆ ಬೇಲಿಯೇ ಹೊಸದು. ಮೂರನೆಯ ಓಟದಲ್ಲೂ ಮೊದಲನೆಯದರ ತಪ್ಪನ್ನೇ ಮಾಡಿದರೆ, ಅದು ಎಷ್ಟೇ ದೊಡ್ಡ ಹೆಸರಾಗಿರಲಿ, ತೆಗೆಯಿರಿ. ಪ್ರತಿ ಹೆಸರಿನ ಮುಂದೆ ಗೆದ್ದ ಅಂತರವನ್ನು ಬರೆಯುವ ಬದಲು ಎಡವಿದ ಬೇಲಿಯನ್ನೂ ಆಮೇಲೆ ಅದು ಏನು ಮಾಡಿತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ. ಫೆಬ್ರುವರಿಯ ಡಬ್ಲಿನ್ ಉತ್ಸವ ಮುಗಿದ ಭಾನುವಾರ ರಾತ್ರಿ ಆ ಸಾಲುಗಳನ್ನು ಓದಿ ಐದನ್ನು ಉಳಿಸಿಕೊಳ್ಳಿ. ನನ್ನ ಪಟ್ಟಿಯಲ್ಲಿ ಸದ್ಯಕ್ಕೆ ಮೇಲಿನ ಐದು ಹೆಸರುಗಳಿವೆ, ಉಳಿದ ಐದು ಸಾಲುಗಳು ನವೆಂಬರ್‌ಗಾಗಿ ಖಾಲಿಯಿವೆ.